ಬೆಟ್ಟದ ದಾರಿಗೊಂದು ಕ್ಯಾಮೆರಾ

ಬೆಟ್ಟ ಹತ್ತುವ ಹವ್ಯಾಸ ನಮಗೆ ಅಂಟಿದ್ದು ಶಾಸನಗಳ ದೆಸೆಯಿಂದ. ಮಠದ ಪಾಠಶಾಲೆಯಲ್ಲಿದ್ದಾಗ ಮಸಿ, ಕಾಗದ, ಕುಂಚಗಳ ಗಂಟನ್ನು ಹೊತ್ತು ಗುರುಗಳ ಹಿಂದೆ ಕಲ್ಲಿದ್ದ ಕಡೆಗೆಲ್ಲ ನಡೆದೆವು. ಮುಂದೆ ಆ ಗಂಟಿನ ಸ್ಥಾನಕ್ಕೆ ಕ್ಯಾಮೆರಾ ಬಂದಿತು. ಅರವತ್ತು ದಾಟಿದ ಮೊಣಕಾಲುಗಳು ಈಗ ಹೆಗಲ ಮೇಲಿನ ಪ್ರತಿಯೊಂದು ತೊಲದ ಲೆಕ್ಕ ಕೇಳುತ್ತವೆ. ಚಾರಣಕ್ಕೆ ಎಂಥ ಸಣ್ಣ ಡಿಜಿಟಲ್ ಕ್ಯಾಮೆರಾ ಒಯ್ಯಬೇಕೆಂದು ಕೇಳುವ ಬಂಧುಗಳಿಗೆ ನಮ್ಮ ಅನುಭವವನ್ನೇ ಹೇಳುವುದು ಲೇಸು.

2017ರ ಮಳೆಗಾಲ. ಮಲೆನಾಡಿನ ಕಾಡುದಾರಿಯ ಮಗ್ಗುಲಲ್ಲಿ ಮೂರು ಹಂತದ ವೀರಗಲ್ಲೊಂದನ್ನು ಕಂಡೆವು. ಹಂತಗಳ ನಡುವಿನ ಎರಡು ಪಟ್ಟಿಗಳಲ್ಲಿ ಬರಹವಿತ್ತು. ಕಾಲಿಗೆ ಇಂಬಳ, ತಲೆಯ ಮೇಲೆ ಸೋರುವ ಛತ್ರಿ. ಓದಲು ಬಂದಷ್ಟನ್ನು ಬರೆದುಕೊಂಡೆವು; ವೀರನ ಹೆಸರಿನ ಕೊನೆಯ ಮೂರು ಅಕ್ಷರಗಳು ಮಾತ್ರ ಸವೆದು ತಿಳಿಯದಾದವು. ಚಿತ್ರ ತೆಗೆದು ಮನೆಯಲ್ಲಿ ಹಿಗ್ಗಿಸಿ ನೋಡೋಣವೆಂದರೆ, ಹೊರಚಾಚಿದ ಲೆನ್ಸಿನ ಸಂದಿಯಲ್ಲಿ ನೀರಿಳಿದು ಕ್ಯಾಮೆರಾ ಕಣ್ಣು ಮುಚ್ಚಿತು. ಮರುವರ್ಷ ಜನವರಿಯಲ್ಲಿ ಹೋದಾಗ ದಾರಿ ಅಗಲವಾಗಿತ್ತು, ಕಲ್ಲು ಇರಲಿಲ್ಲ.

ಹೊಸ ಕ್ಯಾಮೆರಾಕ್ಕಾಗಿ ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಹೋದಾಗ ಅಲ್ಲಿಯ ಹುಡುಗ ಮೆಗಾಪಿಕ್ಸೆಲ್ ಮತ್ತು ಜೂಮ್‌ಗಳ ಸ್ತೋತ್ರವನ್ನೇ ಆರಂಭಿಸಿದ. ಇವೆರಡಕ್ಕೂ ಮರುಳಾಗಬಾರದು. ಚಿತ್ರದ ಗುಣ ಬಹುಮಟ್ಟಿಗೆ ಲೆನ್ಸು ಹಾಗೂ ಬೆಳಕು ಹಿಡಿಯುವ ಸೆನ್ಸರಿನ ವಿಸ್ತಾರವನ್ನು ಅವಲಂಬಿಸಿದೆ. ಸಾಮಾನ್ಯ ಸಣ್ಣ ಕ್ಯಾಮೆರಾಗಳ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರದ್ದು. 2012ರಲ್ಲಿ ಹೊರಬಂದ ಸೋನಿ ಆರ್‌ಎಕ್ಸ್100ರಲ್ಲಿ ಅದು 13.2ಕ್ಕೆ 8.8 ಮಿ.ಮೀ., ಎಂದರೆ ನಾಲ್ಕು ಪಟ್ಟು ಹರವು. ತೂಕ ಮಾತ್ರ 240 ಗ್ರಾಂ. ಕಾಡಿನ ಮಬ್ಬು ಬೆಳಕಿನಲ್ಲಿ ಇದರ ಚಿತ್ರ ತಿಳಿಯಾಗಿ ಬರುವುದು. ಡಿಜಿಟಲ್ ಜೂಮ್ ಎಂಬುದಂತೂ ಚಿತ್ರದ ಅಂಚನ್ನು ಕತ್ತರಿಸಿ ಉಳಿದುದನ್ನು ಹಿಗ್ಗಿಸುವ ಉಪಾಯವಷ್ಟೆ. ಆ ಕೆಲಸವನ್ನು ಮನೆಯಲ್ಲಿ ಕುಳಿತೂ ಮಾಡಬಹುದು.

ಆದರೂ ಆರ್‌ಎಕ್ಸ್100ನ್ನು ನಾವು ಕೊಳ್ಳಲಿಲ್ಲ. ಅದರ ಲೆನ್ಸೂ ಹೊರಚಾಚುವಂಥದು, ಮಳೆಗೆ ರಕ್ಷಣೆಯಿಲ್ಲ. ಒಮ್ಮೆ ಕೈ ಸುಟ್ಟುಕೊಂಡವರ ತೀರ್ಮಾನವಿದು. ಬೇಸಗೆಯಲ್ಲಷ್ಟೇ ಬೆಟ್ಟ ಹತ್ತುವವರು ಅದನ್ನೇ ಆರಿಸಿದರೆ ನಾವು ತಪ್ಪೆನ್ನೆವು. ವಿದೇಶದಲ್ಲಿರುವ ಬಂಧುಗಳ ಕೈಯಿಂದ ನಾವು ತರಿಸಿದ್ದು 2019ರಲ್ಲಿ ಬಂದ ಒಲಿಂಪಸ್ ಟಿಜಿ-6. ಸೆನ್ಸರ್ ಸಣ್ಣದು, 12 ಮೆಗಾಪಿಕ್ಸೆಲ್ ಮಾತ್ರ, ತೂಕ 253 ಗ್ರಾಂ. ಆದರೆ 15 ಮೀಟರ್ ನೀರಿನಾಳವನ್ನು ತಾಳುವುದು, ಲೆನ್ಸು ಒಡಲೊಳಗೇ ಇರುವುದು, ಒಂದು ಸೆಂಟಿಮೀಟರಿನಷ್ಟು ಹತ್ತಿರದ ವಸ್ತುವನ್ನೂ ಸ್ಪಷ್ಟವಾಗಿ ಹಿಡಿಯುವುದು. ಕಣ್ಣಿಟ್ಟು ನೋಡುವ ಕಿಂಡಿಯಿಲ್ಲದ್ದು ದೊಡ್ಡ ಕೊರತೆ. ಮಧ್ಯಾಹ್ನದ ಬಿಸಿಲಿನಲ್ಲಿ ಪರದೆಯ ಮೇಲೆ ಏನೂ ಕಾಣದೆ ಧೋತರದ ಸೆರಗನ್ನು ಮರೆ ಹಿಡಿಯಬೇಕಾಗುತ್ತದೆ.

ನಮ್ಮ ತಮ್ಮನ ಮಗ ನಕ್ಕ: "ದೊಡ್ಡಪ್ಪಾರ, ಮೊಬೈಲಿನ್ಯಾಗ ತೆಗೀರಿ, ಬ್ಯಾರೆ ಕ್ಯಾಮೆರಾ ಯಾಕ?"

"ಒದ್ದಿ ಬೆರಳಿನ ಮಾತು ಅದು ಕೇಳೂದಿಲ್ಲೋ ತಮ್ಮಾ. ಮ್ಯಾಲೆ ಅದರ ಬ್ಯಾಟರಿ ದಾರಿ ತಪ್ಪಿದಾಗ ಬೇಕು" ಎಂದೆವು. ಕ್ಯಾಮೆರಾಕ್ಕೂ ಒಂದು ಬ್ಯಾಟರಿ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಬ್ಯಾಟರಿ ಹಾಕುವ ಬಾಗಿಲಿನ ರಬ್ಬರ್ ಅಂಚಿನಲ್ಲಿ ಒಂದು ಕೂದಲು, ಒಂದು ಮರಳಿನ ಕಣ ಸಿಕ್ಕರೂ ನೀರಿಗೆ ದಾರಿಯಾಯಿತು, ಒರೆಸಿಯೇ ಮುಚ್ಚಬೇಕು. ಬಗಲಚೀಲದ ತಳದಲ್ಲಿಟ್ಟ ಕ್ಯಾಮೆರಾ ಇದ್ದೂ ಇಲ್ಲದಂತೆ. ನಾವು ಎದೆಯ ಮೇಲಿನ ಪಟ್ಟಿಗೇ ಕಟ್ಟಿಕೊಳ್ಳುತ್ತೇವೆ.

ಕಳೆದ ಮಾಘದಲ್ಲಿ ಅದೇ ಕಾಡುದಾರಿಯಲ್ಲಿ ಹೋಗುವಾಗ ಮೋರಿಯ ಅಂಚಿನಲ್ಲಿ ಕೆತ್ತನೆಯುಳ್ಳ ಕಲ್ಲುಚೂರೊಂದು ಕಣ್ಣಿಗೆ ಬಿದ್ದಿತು. ಮಣ್ಣು ತೊಳೆದೆವು. ಎದುರಿನಿಂದ ಫ್ಲ್ಯಾಶ್ ಹಾಯಿಸಿದರೆ ಅಕ್ಷರದ ತಗ್ಗು ಕಾಣದು. ಆದುದರಿಂದ ಅದನ್ನು ಆರಿಸಿ, ಹುಡುಗನಿಗೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಅಡ್ಡಡ್ಡ ಹಿಡಿಯಲು ಹೇಳಿ ಹನ್ನೆರಡು ಚಿತ್ರ ತೆಗೆದೆವು. ನಮ್ಮ ವೀರಗಲ್ಲಿನ ಚೂರೇ ಅದು. ಮೂರು ಅಕ್ಷರಗಳಲ್ಲಿ ಮೊದಲನೆಯದು 'ಮ' ಎಂಬುದು ಈಗ ನಿಶ್ಚಯವಾಗಿದೆ. ಉಳಿದೆರಡಿದ್ದ ತುಂಡನ್ನು ಮಳೆ ಹಿಡಿಯುವ ಮೊದಲು ಮತ್ತೊಮ್ಮೆ ಹೋಗಿ ಹುಡುಕಬೇಕೆಂದಿದ್ದೇವೆ.