ಮೀನಿನ ಪದಕ

1974ರ ಫೆಬ್ರವರಿ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ವಿಜ್ಞಾನ ಕಥೆಗಾರ ಫಿಲಿಪ್ ಕೆ. ಡಿಕ್ ಹಲ್ಲು ಕೀಳಿಸಿಕೊಂಡು ಮನೆಯಲ್ಲಿ ನರಳುತ್ತಿದ್ದ. ನೋವಿನ ಔಷಧ ತಂದುಕೊಟ್ಟ ಅಂಗಡಿಯ ಹುಡುಗಿಯ ಕೊರಳಲ್ಲಿ ಮೀನಿನಾಕಾರದ ಪದಕವಿತ್ತು. ಏನದು ಎಂದು ಕೇಳಿದ. ಆದಿ ಕ್ರೈಸ್ತರ ಗುರುತು ಎಂದಳು. ಅಷ್ಟೇ. ಮುಂದಿನ ವಾರಗಳಲ್ಲಿ ಗುಲಾಬಿ ಬಣ್ಣದ ಬೆಳಕೊಂದು ತನ್ನ ತಲೆಯೊಳಗೆ ಮಾಹಿತಿ ಸುರಿಯುತ್ತಿದೆ ಎಂದು ಅವನಿಗೆ ಅನ್ನಿಸತೊಡಗಿತು. ಎಳೆಯ ಮಗನಿಗೆ ಹರ್ನಿಯಾ ಇದೆ, ತಡಮಾಡಿದರೆ ಅಪಾಯ ಎಂದೂ ಅದೇ ಬೆಳಕು ಹೇಳಿತಂತೆ. ವೈದ್ಯರು ನೋಡಿದರೆ ಹರ್ನಿಯಾ ಇತ್ತು, ಶಸ್ತ್ರಚಿಕಿತ್ಸೆಯಾಯಿತು ಎಂಬುದು ಅವನ ನಿರೂಪಣೆ. ಮಗುವಿನ ಜೀವದ ಮಾತು ಬಂದಮೇಲೆ ಅದನ್ನು ಭ್ರಮೆಯೆಂದು ತಳ್ಳಿಹಾಕುವುದು ಯಾವ ಅಪ್ಪನಿಗೆ ಸುಲಭ?

1982ರಲ್ಲಿ ಸಾಯುವವರೆಗೂ ಡಿಕ್ ಇದನ್ನೇ ಬರೆದ. ಸುಮಾರು 8,000 ಪುಟ. ದೇವರೋ, ಅನ್ಯಲೋಕದ ಉಪಗ್ರಹವೋ, ಸೋವಿಯತ್ ಪ್ರಯೋಗವೋ, ತನ್ನದೇ ಹುಚ್ಚೋ? ಇಂದು ಒಪ್ಪಿದ್ದನ್ನು ನಾಳೆ ತಾನೇ ಹೊಡೆದುಹಾಕುತ್ತಿದ್ದ. ವಿಶಾಲವೂ ಸಕ್ರಿಯವೂ ಆದ ಆ ಜೀವಂತ ಬುದ್ಧಿವ್ಯವಸ್ಥೆಗೆ ‘ವ್ಯಾಲಿಸ್’ ಎಂದು ಹೆಸರಿಟ್ಟ. 1981ರಲ್ಲಿ ಅದೇ ಹೆಸರಿನ ಕಾದಂಬರಿ ಬಂತು.

ಅವನಿಗೆ ಆಸರೆಯಾದದ್ದು ಗ್ನೋಸ್ಟಿಕ್ ಚಿಂತನೆ. ಕಿವಿಗೆ ‘ನಾಸ್ತಿಕ’ ಎಂಬಂತೆ ಕೇಳಿಸಿದರೂ ಅರ್ಥ ಬೇರೆ. ಗ್ರೀಕಿನ ‘ಗ್ನೋಸಿಸ್’ ಸಂಸ್ಕೃತದ ‘ಜ್ಞಾನ’ಕ್ಕೆ ದಾಯಾದಿ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ರೈತರಿಗೆ ಸಿಕ್ಕ ಮಣ್ಣಿನ ಜಾಡಿಯೊಳಗೆ ಈ ಪಂಥದ ಹಳೆಯ ಹೊತ್ತಿಗೆಗಳಿದ್ದವು. ಕೆಲವು ಹಾಳೆಗಳು ಒಲೆಗೆ ಹೋದವು ಎನ್ನುತ್ತಾರೆ.

ಉಳಿದವುಗಳಲ್ಲಿ ಯೋಹಾನನ ಹೆಸರಿನ ರಹಸ್ಯಗ್ರಂಥದ ಕಥೆ ವಿಚಿತ್ರವಾಗಿದೆ. ಸೋಫಿಯಾ ಸಂಗಾತಿಯ ಸಮ್ಮತಿಯಿಲ್ಲದೆ ಹೆತ್ತ ಕೂಸು ಯಾಲ್ಡಬೋತ್. ಸಿಂಹದ ಮುಖ, ಸರ್ಪದ ಮೈ. ಈ ಲೋಕ ಅವನ ಕೃತಿ. ತನ್ನ ಹೊರತು ದೇವರಿಲ್ಲ, ತಾನು ಅಸೂಯೆಯುಳ್ಳವನು ಎಂದು ಸಾರುತ್ತಾನೆ. ಬೇರೆ ಯಾರೂ ಇಲ್ಲದಿದ್ದರೆ ಅಸೂಯೆ ಯಾರ ಮೇಲೆ ಎಂದು ಗ್ರಂಥ ಕೇಳುತ್ತದೆ! ಅವನ ಕೈಕೆಳಗಿನವರು ಸೇರಿ ಮನುಷ್ಯನನ್ನು ತಯಾರಿಸುತ್ತಾರೆ: ಒಬ್ಬೊಬ್ಬರಿಗೆ ಒಂದೊಂದು ಅಂಗ, ಒಟ್ಟು 365 ದೂತರು. ಬೊಂಬೆ ಏಳುವುದಿಲ್ಲ. ಯಾಲ್ಡಬೋತ್ ಮೋಸಹೋಗಿ ತಾಯಿಯಿಂದ ಬಂದ ಶಕ್ತಿಯನ್ನು ಅದರೊಳಗೆ ಊದುತ್ತಾನೆ. ಎದ್ದು ನಿಂತ ಮನುಷ್ಯ ಮಾಡಿದವರಿಗಿಂತ ಬುದ್ಧಿವಂತ. ಅದನ್ನು ಕಂಡು ಉರಿದ ಅವರು ಅವನನ್ನು ಜಡದ ತಳಕ್ಕೆ ತಳ್ಳುತ್ತಾರೆ. ಯಂತ್ರ ತನ್ನನ್ನು ಮೀರೀತೆಂದು ಇಂದು ಹೆದರುವ ಮನುಷ್ಯ ನಿಂತಿರುವುದು ಆ ಕೆಲಸಗಾರರ ಜಾಗದಲ್ಲಿ. ಕಥೆ ಹೇಳಿದವರು ಮಾತ್ರ ಬೊಂಬೆಯ ಕಡೆಯವರು.

ಬೆಳಕು ಒಳಗೇ ಇದ್ದರೆ ಬಿಷಪ್ ಯಾಕೆ? ಲಿಯೋನ್‌ನ ಬಿಷಪ್ ಐರೀನಿಯಸ್ ಸುಮಾರು 180ರಲ್ಲಿ ಐದು ಸಂಪುಟಗಳಲ್ಲಿ ಈ ಪಂಥಗಳನ್ನು ಖಂಡಿಸಿದ. ಅದನ್ನು ಬರೀ ಅಧಿಕಾರದಾಸೆ ಎನ್ನಲಾಗದು. ಪ್ರತಿಯೊಬ್ಬನ ಬೆಳಕೂ ಸತ್ಯವೇ ಆದರೆ ತೂಗಿ ನೋಡುವವರು ಯಾರು? ಡಿಕ್‌ಗೆ ಅಂಥವರಿರಲಿಲ್ಲ, ತಕ್ಕಡಿಯನ್ನು ತಾನೇ ಹಿಡಿದ. ಕಾದಂಬರಿಯಲ್ಲಿ ತನ್ನನ್ನೇ ಎರಡಾಗಿ ಸೀಳಿದ: ನಂಬುವ ಹಾರ್ಸ್‌ಲವರ್ ಫ್ಯಾಟ್, ಅನುಮಾನಿಸುವ ಫಿಲ್. ‘ಫಿಲಿಪ್’ ಎಂದರೆ ಗ್ರೀಕಿನಲ್ಲಿ ಕುದುರೆಪ್ರಿಯ. ‘ಡಿಕ್’ ಎಂದರೆ ಜರ್ಮನ್‌ನಲ್ಲಿ ದಪ್ಪ.

ಅವರಿಗೆ ಕೊನೆಗೂ ಸಿಗುವ ರಕ್ಷಕಿ ಸೋಫಿಯಾ ಎಂಬ ಎರಡು ವರ್ಷದ ಹೆಣ್ಣುಮಗು. ಇನ್ನಷ್ಟು ಮಾಹಿತಿ ಪಡೆಯುವ ಆತುರದಲ್ಲಿ ಭಕ್ತನೊಬ್ಬ ಲೇಸರ್ ಹಾಯಿಸುತ್ತಾನೆ, ಮಗು ಸಾಯುತ್ತದೆ. ಫ್ಯಾಟ್ ಮತ್ತೊಬ್ಬ ರಕ್ಷಕನನ್ನು ಹುಡುಕಿ ದೇಶಾಂತರ ಹೊರಡುತ್ತಾನೆ. ಫಿಲ್ ಮನೆಯಲ್ಲಿ ಟಿವಿ ಮುಂದೆ ಕೂತು, ಏನಾದರೂ ಸುಳಿವು ಸಿಕ್ಕೀತೆಂದು ನಿದ್ದೆಗೆಟ್ಟು ಕಾಯುತ್ತಾನೆ.