ನಿಲ್ಲಿಸಬೇಕಾದ ಗಳಿಗೆ

ನಾರ್ವದ ಆ ಮನೆಯಲ್ಲಿ ಹತ್ತಿಗೆ ಔಷಧ ಹೊಡೆಯುವ ಪಂಪೊಂದಿತ್ತು. ಅದು ನಡೆಯುತ್ತಿದ್ದುದು 12 ವೋಲ್ಟಿನ ಬ್ಯಾಟರಿಯಿಂದ. ಕೃಷ್ಣಾ ಮಂಡಲದ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ಓದುತ್ತಿದ್ದ ಮಗನು ದಸರೆಯ ರಜೆಗೆ ಬಂದಾಗ ಅದನ್ನು ಚಾರ್ಜಿಗೆ ಹಚ್ಚಿ, ಎರಡು ದಿನ ಮರೆತೇಬಿಟ್ಟನು. ಬ್ಯಾಟರಿಯ ಪಕ್ಕೆಗಳು ಉಬ್ಬಿದವು. ತಂದೆ ಬಯ್ಯಲಿಲ್ಲ. "ಹೊಸಾದು ತರಬೇಕು. ಹೊಲ ಕಾಯಂಗಿಲ್ಲ" ಎಂದಷ್ಟೇ ಹೇಳಿ ಮಖ್ತಲಿಗೆ ಹೊರಟರು. ಆ ಮೌನ ಮಗನನ್ನು ಬಯ್ಗಳಿಗಿಂತ ಹೆಚ್ಚು ನೋಯಿಸಿತು.

ತುಂಬಿದ ಬ್ಯಾಟರಿಗೆ ಮತ್ತೆ ಹರಿಸಿದ ವಿದ್ಯುತ್ತು ಅದರೊಳಗಿನ ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ. ಪಾಠದಲ್ಲಿ ಓದಿದ ವಿದ್ಯುದ್ವಿಭಜನೆ ತನ್ನ ಮನೆಯಲ್ಲೇ ನಡೆದುಹೋಯಿತೆಂದು ಅವನಿಗೆ ಆಗ ಹೊಳೆಯಿತು. ತುಂಬಿದೊಡನೆ ತಾನೇ ನಿಲ್ಲುವ ಚಾರ್ಜರನ್ನು ಮಾಡಬೇಕೆಂದು ಅವನು ನಿಶ್ಚಯಿಸಿದನು.

ಟಿ.ವಿ. ರಿಪೇರಿ ಮಾಡುವ ನೆರೆಮನೆಯವರು 18 ವೋಲ್ಟಿನ ಸಿದ್ಧ ಅಡಾಪ್ಟರನ್ನು ಕೊಟ್ಟರು; 230 ವೋಲ್ಟಿನ ಕಡೆ ಕೈ ಹಾಕಕೂಡದೆಂಬ ಷರತ್ತನ್ನೂ ಹಾಕಿದರು. ಬ್ಯಾಟರಿ 14.4 ವೋಲ್ಟ್ ಮುಟ್ಟಿದಾಗ ಜೀನರ್ ಡಯೋಡ್ ಸುಳಿವು ಕೊಡಬೇಕು, ಪವರ್ ಟ್ರಾನ್ಸಿಸ್ಟರ್ ಪ್ರವಾಹವನ್ನು ಕಡಿಯಬೇಕು: ಅವನ ಯೋಜನೆ ಇಷ್ಟೇ ಆಗಿತ್ತು.

ಮೊದಲ ಪ್ರಯೋಗದಲ್ಲಿ ಟ್ರಾನ್ಸಿಸ್ಟರ್ ಬೆರಳು ಸುಟ್ಟಿತು. ಕಾರಣ ಲೆಕ್ಕದಲ್ಲಿತ್ತು. ಪೂರ್ತಿ ತೆರೆದಾಗ ಅದರ ಮೂಲಕ 1 ಆಂಪಿಯರ್ ಹರಿದರೂ ಅದರಲ್ಲಿ ಉಳಿಯುವುದು 0.3 ವೋಲ್ಟ್, ಶಾಖ 0.3 ವ್ಯಾಟ್ ಮಾತ್ರ. ಪೂರ್ತಿ ಮುಚ್ಚಿದಾಗ ಶಾಖವೇ ಇಲ್ಲ. ಆದರೆ ಬ್ಯಾಟರಿಯ ವೋಲ್ಟೇಜ್ ಮೆಲ್ಲಗೆ ಏರುವುದರಿಂದ ಅದು ಅರೆ ತೆರೆದು ನಿಂತಿತ್ತು. ಅರ್ಧ ಆಂಪಿಯರ್, 4 ವೋಲ್ಟ್: ಅಲ್ಲಿಗೆ 2 ವ್ಯಾಟ್ ಶಾಖ.

ಸ್ವಿಚ್ಚು ತಡವರಿಸಬಾರದು. ಇಂಥ ತಡವರಿಕೆಗೆ ಪರಿಹಾರವನ್ನು ಅಮೆರಿಕದ ಒಟ್ಟೊ ಶ್ಮಿಟ್ 1930ರ ದಶಕದಲ್ಲಿ, ಟ್ರಾನ್ಸಿಸ್ಟರ್ ಹುಟ್ಟುವ ಮೊದಲೇ, ವಿದ್ಯಾರ್ಥಿಯಾಗಿದ್ದಾಗ ಕಂಡುಹಿಡಿದಿದ್ದರು. ಅದರಂತೆ ಹುಡುಗನು ಇನ್ನೊಂದು ಸಣ್ಣ ಟ್ರಾನ್ಸಿಸ್ಟರನ್ನು ಸೇರಿಸಿದನು. ಅದರ ಪ್ರವಾಹದ ಒಂದಂಶವನ್ನು ಮೊದಲಿನದರ ಬೇಸಿಗೆ ರೆಸಿಸ್ಟರಿನ ಮೂಲಕ ಮರಳಿಸಿದನು. ಕಡಿಯುವ ಕ್ರಿಯೆ ಮೊದಲಾದರೆ ತನ್ನನ್ನು ತಾನೇ ನೂಕಿಕೊಂಡು ಒಮ್ಮೆಲೇ ಮುಗಿಯುವಂತಾಯಿತು. ಚಾರ್ಜ್ ನಿಂತಾಗ ಬ್ಯಾಟರಿಯ ವೋಲ್ಟೇಜ್ ತುಸು ಇಳಿಯುವುದು ಸಹಜ, ಆದರೂ 12.8 ವೋಲ್ಟಿಗೆ ಇಳಿಯುವ ತನಕ ಮಂಡಲ ಮತ್ತೆ ತೆರೆಯುತ್ತಿರಲಿಲ್ಲ.

ಅದನ್ನು ಮೂರು ದಿನ ಉಬ್ಬಿದ ಹಳೆಯ ಬ್ಯಾಟರಿಯ ಮೇಲೆ, ಮೀಟರನ್ನು ಹಿಡಿದು, ಹಗಲಿನಲ್ಲೇ ಪರೀಕ್ಷಿಸಿದನು. ಹೊಸದನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ. ರಜೆಯ ಕೊನೆಯ ಸಂಜೆ ತಂದೆಯೇ ಹೊಸ ಬ್ಯಾಟರಿಯನ್ನು ತಂದು ಅವನ ಮುಂದಿಟ್ಟು, "ಹಚ್ಚು" ಎಂದರು.

ಆ ರಾತ್ರಿ ಮಗನಿಗೆ ನಿದ್ರೆ ಬರಲಿಲ್ಲ. ನಡುರಾತ್ರಿ ಎದ್ದು ಬಂದು ನೋಡಿದರೆ ಚಾರ್ಜಿನ ಕೆಂಪು ದೀಪ ಆರಿತ್ತು. ತಂದೆಯೂ ಎದ್ದು ಬಂದು ಬ್ಯಾಟರಿಯ ಪಕ್ಕೆಗೆ ಅಂಗೈಯಿಟ್ಟು ನೋಡಿದರು. ತಣ್ಣಗಿತ್ತು.

"ಮಲಕೋ ಇನ್ನ, ನಸುಕಿಗೆ ಬಸ್ಸದ" ಎಂದರು.