ಗಿರಾಕಿಗೊಂದು ನಿಯಮ, ‘ನಮ್ಮವರಿಗೆ’ ಇನ್ನೊಂದು

ಕಾಂಡೋಮ್ ಎಂಬುದು ತೆಳು ರಬ್ಬರಿನ ಒಂದು ಚೀಲ, ಅಷ್ಟೆ. ಸರಿಯಾಗಿ ಬಳಸಿದರೆ ಎಚ್‌ಐವಿ ತಗಲುವ ಸಂಭವ ಬಹಳ ಕಡಿಮೆ. ಈ ಪಾಠವನ್ನು ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳು ಉಳಿದವರಿಗಿಂತ ಮೊದಲೇ ಕಲಿತರು. 1986ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಈ ಸೋಂಕು ಪತ್ತೆಯಾದದ್ದು ಮದರಾಸಿನಲ್ಲಿ, ಇಂಥ ಹೆಣ್ಣುಮಕ್ಕಳ ರಕ್ತದಲ್ಲಿಯೇ. ಸಮಾಜ ಕೂಡಲೇ ಅವರತ್ತ ಬೆರಳು ತೋರಿಸಿತು. ಅವರಿಗೆ ಅದು ಯಾರಿಂದ ಬಂತೆಂದು ಕೇಳಿದವರು ಕಡಿಮೆ.

ಕಲ್ಕತ್ತೆಯ ಸೋನಾಗಾಚಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಕೆಲಸ ಆರಂಭಿಸಿದರು. ತಿಳಿವಳಿಕೆ ಹೇಳಲು ಹೊರಗಿನವರನ್ನು ಕಳಿಸದೆ ಆ ಬೀದಿಯ ಹೆಂಗಸರನ್ನೇ ತಯಾರು ಮಾಡಿದರು. 1995ರಲ್ಲಿ ಅವರದೇ ‘ದುರ್ಬಾರ್’ ಸಂಘಟನೆ ಹುಟ್ಟಿತು. ಅದೇ ವರ್ಷ ‘ಉಷಾ’ ಸಹಕಾರ ಸಂಘವೂ ಬಂತು. ಕೈಯಲ್ಲಿ ನಾಲ್ಕು ಕಾಸು ಉಳಿದಾಗ, ಪಕ್ಕದ ಮನೆಯವಳೂ ಅದೇ ಮಾತು ಹೇಳಿದಾಗ, ಹಟಮಾರಿ ಗಿರಾಕಿಗೆ ‘ಆಗುವುದಿಲ್ಲ’ ಎನ್ನುವ ಧೈರ್ಯ ಬಂತು.

ಆದರೆ ಗಿರಾಕಿಗೆ ಗಟ್ಟಿಯಾಗಿ ಹೇಳಿದ ಅದೇ ಹೆಣ್ಣು ‘ಬಾಬು’ವಿನ ಎದುರು ಸುಮ್ಮನಾಗುತ್ತಾಳೆ. ಬಾಬು ಎಂದರೆ ಅಲ್ಲಿ ಕಾಯಂ ಸಂಗಾತಿ. ನಮ್ಮ ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲೂ ಕಥೆ ಬೇರೆಯಲ್ಲ. ದೇವದಾಸಿಯಾಗಿ ಬಿಡುವುದನ್ನು 1982ರ ಕಾಯಿದೆ ನಿಷೇಧಿಸಿತು. ಆದರೂ ಮುತ್ತು ಕಟ್ಟಿಸಿಕೊಂಡವಳಿಗೆ ರೂಢಿಯಲ್ಲಿ ತಾಳಿಯಿಲ್ಲ. ಹಾಗಿರುವಾಗ ವರ್ಷಗಟ್ಟಲೆ ಬಂದುಹೋಗುವ ಒಬ್ಬ ಗಂಡಸು, ಅವನಿಗೆ ಊರಲ್ಲಿ ಹೆಂಡತಿ ಮಕ್ಕಳಿದ್ದರೂ, ಅವಳ ಪಾಲಿಗೆ ‘ನಮ್ಮವರು’. ಹಬ್ಬಕ್ಕೆ ಸೀರೆ ತರುತ್ತಾನೆ, ಮಕ್ಕಳ ಶಾಲೆಯ ಫೀಸು ಕಟ್ಟುತ್ತಾನೆ, ಪುಂಡರು ಬಾಗಿಲಿಗೆ ಬರದಂತೆ ಇರುತ್ತಾನೆ. ಅವನೇ ಕುಡಿದು ಹೊಡೆಯುವುದೂ ಉಂಟು.

ಅವನಿಗೂ ಗಿರಾಕಿಗೂ ಇರುವ ವ್ಯತ್ಯಾಸವನ್ನು ಅವಳು ತೋರಿಸುವುದು ಹೇಗೆ? ಹಣ ಪಡೆಯದೆ, ಅಡಿಗೆ ಮಾಡಿ ಬಡಿಸಿ, ಕಾಂಡೋಮ್ ಕೇಳದೆ. ಬೆಳಗಿನಿಂದ ಅದು ದುಡಿಮೆಯ ಸಲಕರಣೆಯಾಗಿತ್ತು. ರಾತ್ರಿ ಅವನ ಕೈಗೆ ಅದನ್ನೇ ಕೊಟ್ಟರೆ ‘ನೀನೂ ಗಿರಾಕಿಯೇ’ ಎಂದ ಹಾಗಾಗುತ್ತದೆ. ‘ನನ್ನ ಮ್ಯಾಲೆ ನಂಬಿಕಿ ಇಲ್ಲೇನು?’ ಎಂಬ ಒಂದು ಮಾತಿಗೆ ಎಲ್ಲ ತರಬೇತಿಯೂ ಸೋಲುತ್ತದೆ. ಅವನಿಂದೊಂದು ಮಗು ಬೇಕೆಂಬ ಆಸೆ ಬೇರೆ. ಇದನ್ನು ಅಜ್ಞಾನವೆನ್ನಲಾಗದು. ಗರತಿಯ ಬಾಳಿನ ಒಂದು ತುಣುಕನ್ನಾದರೂ ಉಳಿಸಿಕೊಳ್ಳುವ ಲೆಕ್ಕಾಚಾರ ಅದು. ವೈರಾಣುವಿಗೆ ಮಾತ್ರ ಈ ಲೆಕ್ಕ ಗೊತ್ತಿಲ್ಲ. ಅದು ಅವನಿಂದ ಇವಳಿಗೆ, ಇವಳಿಂದ ಅವನಿಗೆ, ಅವನಿಂದ ಊರಲ್ಲಿರುವ ಹೆಂಡತಿಗೆ ದಾಟಬಲ್ಲದು.

ಬಾಗಲಕೋಟೆ ಜಿಲ್ಲೆಯ 47 ಹಳ್ಳಿಗಳಲ್ಲಿ 2015ರ ಸುಮಾರಿಗೆ ‘ಸಂವೇದನಾ ಪ್ಲಸ್’ ಎಂಬ ಪ್ರಯೋಗ ನಡೆಯಿತು. ಹೆಂಗಸರೊಡನೆ ಮಾತ್ರವಲ್ಲ, ಅವರ ಸಂಗಾತಿಗಳೊಡನೆಯೂ ಹಿಂಸೆ, ಪ್ರೀತಿ, ಕಾಂಡೋಮುಗಳ ಮಾತಾಯಿತು. ಕಾಂಡೋಮ್ ಬಳಕೆ ನಿರೀಕ್ಷಿಸಿದಷ್ಟು ಬದಲಾಗಲಿಲ್ಲ. ಆದರೆ ಹೊಡೆತವನ್ನು ಹಣೆಬರಹವೆಂದು ನುಂಗದೆ ಹೊರಗೆ ಹೇಳುವುದು ಹೆಚ್ಚಿತು. ಮನಸ್ಸಿನ ಗಂಟು ಒಂದೆರಡು ವರ್ಷಗಳಲ್ಲಿ ಬಿಚ್ಚುವಂಥದ್ದಲ್ಲ.

ವಿಜ್ಞಾನ ಈಗ ಇನ್ನೊಂದು ದಾರಿ ತೋರಿಸಿದೆ. ಸೋಂಕಿಲ್ಲದವರು ದಿನವೂ ನುಂಗಿ ರಕ್ಷಣೆ ಪಡೆಯುವ ಗುಳಿಗೆಯನ್ನು ಮೈಸೂರಿನ ಆಶೋದಯ ಸಮಿತಿ ಮತ್ತು ದುರ್ಬಾರ್ ತಮ್ಮ ಸದಸ್ಯೆಯರಲ್ಲಿ ಪ್ರಯೋಗಿಸಿ ನೋಡಿವೆ. ಗುಳಿಗೆಗೆ ಗಂಡಸಿನ ಒಪ್ಪಿಗೆ ಬೇಕಿಲ್ಲ ಎಂಬುದೇ ಅದರ ದೊಡ್ಡ ಗುಣ. ಆದರೆ ಬೇರೆ ಗುಹ್ಯರೋಗಗಳನ್ನು ಅದು ತಡೆಯದು. ಹೊಡೆಯುವ ಕೈಯನ್ನೂ ತಡೆಯದು.

ನಂಬಿಕೆಯೇ ದೇವರು ಎನ್ನುತ್ತದೆ ನಮ್ಮ ಗಾದೆ. ಆ ನಂಬಿಕೆಯನ್ನು ಸಾಬೀತು ಮಾಡುವ ಹೊಣೆ ಮಾತ್ರ ಸದಾ ಹೆಣ್ಣಿನ ಮೇಲೆ. ‘ನಿನಗೆ ಏನೂ ಆಗಬಾರದು, ಅದಕ್ಕೇ ಇದು’ ಎಂದು ಆ ಚೀಟನ್ನು ಗಂಡಸೇ ತನ್ನ ಜೇಬಿನಿಂದ ತೆಗೆಯುವ ದಿನ, ಅದು ಅನುಮಾನದ ಗುರುತಾಗಿ ಉಳಿಯುವುದಿಲ್ಲ.